ವಿದ್ಯುತ್ಕಾಂತೀಯ ರಿವೆಟಿಂಗ್

ವಿದ್ಯುತ್ಕಾಂತೀಯ ರಿವೆಟಿಂಗ್ ಎಂಬುದು ತಾಮ್ರದ ಸುರುಳಿಯಲ್ಲಿ ಕ್ಷಣಮಾತ್ರ ಹರಿಯುವ ಭಾರೀ ವಿದ್ಯುತ್ತಿನಿಂದ ಕಾಂತೀಯ ತಳ್ಳುಬಲ ಹುಟ್ಟಿಸಿ, ಆ ಬಲದಿಂದ ರಿವೆಟನ್ನು ಒಂದೇ ಏಟಿಗೆ ಅದರ ರಂಧ್ರದಲ್ಲಿ ಬಿಗಿಯಾಗಿ ಕೂರಿಸುವ ವಿಧಾನ. ಗಾಳಿಯೊತ್ತಡದ ಸುತ್ತಿಗೆ ಹತ್ತಾರು ಬಾರಿ ಬಡಿದು ಮಾಡುವ ಕೆಲಸವನ್ನು ಇದು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ದೊಡ್ಡ ವಿಮಾನಗಳ ರೆಕ್ಕೆಯ ಹಲಗೆಗಳನ್ನೂ ತೊಲೆಗಳನ್ನೂ ಜೋಡಿಸುವಲ್ಲಿ ಇದರ ಬಳಕೆ ಮುಖ್ಯವಾದದ್ದು. ಏಟಿಗೆ ವೇಗ ಕೊಡುವುದು ಈ ತಂತ್ರಕ್ಕೆ ಮೊದಲಿನಿಂದಲೂ ಸುಲಭವಾಗಿತ್ತು. ಲೋಹ ತಾಳಿಕೊಳ್ಳುವಷ್ಟಕ್ಕೆ ಆ ವೇಗವನ್ನು ತಗ್ಗಿಸಿ ಹದಕ್ಕೆ ತರುವುದೇ ಇದರ ಬೆಳವಣಿಗೆಯ ಮುಖ್ಯ ಸಾಧನೆಯಾಯಿತು.

ರಿವೆಟ್ ಮತ್ತು ವಿಮಾನ

ಅಡುಗೆಮನೆಯ ಬಾಣಲೆಗೆ ಕಿವಿಗಳನ್ನು ಹಿಡಿದಿಟ್ಟಿರುವ ಗುಂಡುತಲೆಯ ಮೊಳೆಗಳು ರಿವೆಟ್‌ಗಳೇ. ವಿಮಾನದ ಗಟ್ಟಿ ರಿವೆಟ್ ಕೂಡ ನೋಡಲು ಅಷ್ಟೇ ಸರಳವಾದದ್ದು. ಒಂದು ತುದಿಯಲ್ಲಿ ತಲೆ, ಅದಕ್ಕಂಟಿದಂತೆ ದುಂಡನೆಯ ಕಾಂಡ. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು, ತೂತು ಕೊರೆದು, ಕಾಂಡವನ್ನು ಆಚೆಗೆ ತೂರಿಸಿ, ಹೊರಚಾಚಿದ ತುದಿಯನ್ನು ಬಡಿದು ಅಗಲಿಸಿದರೆ ಎರಡನೆಯ ತಲೆ ಮೂಡುತ್ತದೆ, ತಗಡುಗಳು ನಡುವೆ ಸಿಕ್ಕಿಕೊಳ್ಳುತ್ತವೆ.

ವಿಮಾನದಲ್ಲಿ ಬೆಸುಗೆಗಿಂತ ರಿವೆಟಿಗೆ ಹೆಚ್ಚು ಮನ್ನಣೆ ಸಿಗಲು ಕಾರಣ ವಿಮಾನದ ಲೋಹವೇ. 2024, 7075 ಮುಂತಾದ ಸಂಖ್ಯೆಗಳಿಂದ ಗುರುತಿಸುವ ಅಲ್ಯೂಮಿನಿಯಂ ಮಿಶ್ರಲೋಹಗಳು ಉಷ್ಣಸಂಸ್ಕಾರದಿಂದ ಬಲ ಪಡೆದಂಥವು. ಬೆಸುಗೆಯ ಕಾವು ತಗುಲಿದರೆ ಆ ಬಲ ಕುಂದುತ್ತದೆ, ಬೆಸುಗೆಯ ಗೆರೆಯಲ್ಲಿ ಬಿರುಕು ಮೂಡುತ್ತದೆ. ಹೀಗಾಗಿ ಕಾಯಿಸದೆ ಕೂಡಿಸುವ ರಿವೆಟ್ ವಿಮಾನದ ಮೈಯೆಲ್ಲ ತುಂಬಿಕೊಂಡಿತು. 747 ಜಂಬೊ ಜೆಟ್ಟಿನಲ್ಲಿ ಸುಮಾರು 60 ಲಕ್ಷ ಬಿಡಿಭಾಗಗಳಿವೆ, ಅವುಗಳಲ್ಲಿ ಅರ್ಧದಷ್ಟು ರಿವೆಟ್, ಬೋಲ್ಟ್‌ಗಳಂಥ ಬಂಧಕಗಳು ಎಂದು ಬೋಯಿಂಗ್ ಕಂಪನಿ ಲೆಕ್ಕ ಕೊಟ್ಟಿದೆ.

ಬಡಿದು ಮಾಡಿದ ತಲೆಯ ಅಡ್ಡಳತೆ ಕಾಂಡದ ಅಡ್ಡಳತೆಯ ಒಂದೂವರೆಪಟ್ಟು, ಎತ್ತರ ಕಾಂಡದ ಅಡ್ಡಳತೆಯ ಅರ್ಧ ಇರಬೇಕೆಂಬುದು ರೂಢಿಯ ಅಳತೆ. ಅದಕ್ಕಾಗಿ ಕಾಂಡವನ್ನು ಅದರ ಅಡ್ಡಳತೆಯ ಒಂದೂವರೆಪಟ್ಟು ಹೊರಗೆ ಬಿಟ್ಟಿರುತ್ತಾರೆ. 6 ಮಿಲಿಮೀಟರಿನ ರಿವೆಟ್ 9 ಮಿ.ಮೀ. ಹೊರಚಾಚಿದರೆ ಅಲ್ಲಿ ಸುಮಾರು 254 ಘನ ಮಿ.ಮೀ. ಲೋಹವಿರುತ್ತದೆ. 9 ಮಿ.ಮೀ. ಅಗಲ, 3 ಮಿ.ಮೀ. ಎತ್ತರದ ತಲೆಗೆ ಬೇಕಾಗುವುದು ಸುಮಾರು 191 ಘನ ಮಿ.ಮೀ. ಮಾತ್ರ. ಉಳಿದ ಕಾಲುಭಾಗದ ಬಹುಪಾಲು ಕಾಂಡದೊಳಕ್ಕೇ ಒತ್ತಿಕೊಂಡು ಹೋಗಿ ಅದನ್ನು ಉಬ್ಬಿಸುತ್ತದೆ, ಕಾಂಡಕ್ಕೂ ರಂಧ್ರದ ಗೋಡೆಗೂ ನಡುವಿನ ಸಂದನ್ನು ತುಂಬುತ್ತದೆ. ರಿವೆಟಿನ ನಿಜವಾದ ಗುಣ ಕಣ್ಣಿಗೆ ಕಾಣುವ ತಲೆಗಿಂತ ಕಾಣದ ಈ ತುಂಬುವಿಕೆಯಲ್ಲಿದೆ.

ರಂಧ್ರ ತುಂಬುವುದು ಏಕೆ ಮುಖ್ಯ

ಹಾರಾಟಕ್ಕೊಮ್ಮೆ ವಿಮಾನದ ಒಡಲು ಗಾಳಿಯೊತ್ತಡಕ್ಕೆ ಉಬ್ಬಿ ಕುಗ್ಗುತ್ತದೆ, ರೆಕ್ಕೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ಪ್ರತಿ ರಂಧ್ರದ ಅಂಚಿನಲ್ಲೂ ಎಳೆತ ಸಾಂದ್ರಗೊಳ್ಳುವುದರಿಂದ, ಸಾವಿರಾರು ಹಾರಾಟಗಳ ಬಳಿಕ ಬಿರುಕು ಹುಟ್ಟುವ ಮೊದಲ ಜಾಗ ಅದೇ. ಲೋಹದ ಬಳಲಿಕೆ ಎನ್ನುವುದು ಇದನ್ನೇ.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ಹಿಲೊದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ 243ನೆಯ ಯಾನದ ಬೋಯಿಂಗ್ 737 ವಿಮಾನ 24,000 ಅಡಿ ಎತ್ತರದಲ್ಲಿತ್ತು. ಆಗ ಅದರ ಮುಂಭಾಗದ ಚಾವಣಿ ದೊಡ್ಡ ತುಂಡಾಗಿ ಕಿತ್ತು ಹೋಯಿತು. 95 ಮಂದಿಯಿದ್ದ ವಿಮಾನವನ್ನು ಪೈಲಟ್‌ಗಳು ಇಳಿಸಿದರು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ವಿಮಾನ ಅದುವರೆಗೆ 89,680 ಬಾರಿ ಹಾರಿ ಇಳಿದಿತ್ತು. ತಗಡುಗಳು ಒಂದರ ಮೇಲೊಂದು ಕೂಡುವ ಕಡೆ ಅಂಟು ಬಿಟ್ಟುಕೊಂಡು ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದಿತ್ತು. ರಿವೆಟ್ ತಲೆ ಕೂರಲು ಇಳಿಜಾರಾಗಿ ಕೊರೆದ ರಂಧ್ರಗಳ ಚೂಪಂಚಿನಲ್ಲಿ ಸಾಲುಸಾಲಾಗಿ ಹುಟ್ಟಿದ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡವು. ಒಂದೊಂದು ರಂಧ್ರದ ಯೋಗಕ್ಷೇಮಕ್ಕೂ ಎಷ್ಟು ಬೆಲೆಯಿದೆ ಎಂಬುದನ್ನು ಆ ಅಪಘಾತ ವಿಮಾನ ಜಗತ್ತಿಗೆ ಮನಗಾಣಿಸಿತು.

ರಿವೆಟ್ ಉಬ್ಬಿ ರಂಧ್ರದ ಗೋಡೆಯನ್ನು ಸುತ್ತಲಿಂದಲೂ ಹೊರಕ್ಕೆ ಒತ್ತಿ ಹಿಡಿದರೆ, ಅಂಚಿನ ಲೋಹ ಅನುಭವಿಸುವ ಎಳೆತದ ಏರಿಳಿತ ಕಡಿಮೆಯಾಗಿ ಬಿರುಕು ಹುಟ್ಟುವುದು ತಡವಾಗುತ್ತದೆ. ಇಂಥ ಬಿಗಿ ಕೂಡಿಕೆಗೆ ರೆಕ್ಕೆಯಲ್ಲಿ ಇನ್ನೊಂದು ಕಾರಣವೂ ಇದೆ. ಜೆಟ್ ವಿಮಾನದ ರೆಕ್ಕೆಯೇ ಅದರ ಇಂಧನದ ತೊಟ್ಟಿ. ರಿವೆಟ್ ರಂಧ್ರವನ್ನು ಪೂರ್ತಿ ತುಂಬದಿದ್ದರೆ ಇಂಧನ ಜಿನುಗುತ್ತದೆ.

ಹಳೆಯ ವಿಧಾನಗಳ ಇತಿಮಿತಿ

ಕೈಯಲ್ಲಿ ಹಿಡಿಯುವ ಗಾಳಿಯೊತ್ತಡದ ರಿವೆಟ್ ಗನ್ನಿಗೆ ಎರಡಾಳು ಬೇಕು. ಒಬ್ಬರು ತಲೆಯ ಕಡೆಯಿಂದ ಗನ್ ಒತ್ತಿದರೆ, ಇನ್ನೊಬ್ಬರು ಹಿಂದಿನಿಂದ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿಯನ್ನು ಆನಿಸಿ ಹಿಡಿಯುತ್ತಾರೆ. ಕುಲುಮೆಯಲ್ಲಿ ಅಡಿಗಲ್ಲಿಗೆ ಇರುವ ಕೆಲಸವೇ ಇಲ್ಲಿ ಆ ಗಟ್ಟಿಗೆ. ದಿನವಿಡೀ ಈ ಕೆಲಸ ಮಾಡುವವರ ಕಿವಿಗೆ ಅಬ್ಬರ, ಕೈಗೆ ನಡುಕ. ವರ್ಷಗಟ್ಟಲೆ ಆ ನಡುಕ ತಿಂದ ಬೆರಳುಗಳಲ್ಲಿ ರಕ್ತ ಸಂಚಾರ ಕೆಟ್ಟು, ಅವು ಬಿಳಿಚಿಕೊಂಡು ಮರಗಟ್ಟುವ ರೋಗ ಬರುತ್ತದೆ. ರಿವೆಟ್ ದಪ್ಪವಾದಷ್ಟೂ ಏಟುಗಳು ಹೆಚ್ಚುತ್ತವೆ. ಏಟು ಬಿದ್ದಂತೆಲ್ಲ ಲೋಹ ಗಡಸಾಗಿ, ಕೊನೆಯ ಏಟುಗಳು ಕಾಂಡವನ್ನು ಉಬ್ಬಿಸುವ ಬದಲು ತಲೆಯನ್ನಷ್ಟೇ ಚಪ್ಪಟೆ ಮಾಡುತ್ತವೆ.

ಎರಡನೆಯ ದಾರಿ ಹೈಡ್ರಾಲಿಕ್ ಒತ್ತುಯಂತ. ಇದು ನಿಶ್ಶಬ್ದವಾಗಿ, ನಿಧಾನವಾಗಿ ಹಿಂಡುತ್ತದೆ. 6 ಮಿ.ಮೀ. ಅಲ್ಯೂಮಿನಿಯಂ ರಿವೆಟಿನ ತಲೆಯನ್ನು 9 ಮಿ.ಮೀ.ಗೆ ಅಗಲಿಸಲು ಸುಮಾರು 3 ಟನ್ ತೂಕಕ್ಕೆ ಸಮನಾದ ಬಲ ಬೇಕು. ಆ ಬಲವನ್ನು ಎರಡೂ ಕಡೆಯಿಂದ ಹಿಡಿದಿಡಲು ಇಂಗ್ಲಿಷಿನ ಸಿ ಅಕ್ಷರದ ಆಕಾರದ ದೈತ್ಯ ಉಕ್ಕಿನ ಚೌಕಟ್ಟು ಬೇಕಾಗುತ್ತದೆ. ರೆಕ್ಕೆಯ ಹಲಗೆ ಅಗಲವಾದಷ್ಟೂ ಚೌಕಟ್ಟಿನ ಬಾಯಿ ಆಳವಾಗಬೇಕು, ಬಾಯಿ ಆಳವಾದಷ್ಟೂ ಚೌಕಟ್ಟು ಬಾಗದಂತೆ ಇನ್ನಷ್ಟು ದಪ್ಪವಾಗಬೇಕು. ವಿದ್ಯುತ್ಕಾಂತೀಯ ವಿಧಾನ ಈ ಎರಡೂ ತೊಡಕುಗಳಿಗೆ ಒಟ್ಟಿಗೇ ಪರಿಹಾರ ಹುಡುಕಿತು.

ಕಾರ್ಯತತ್ತ್ವ

ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಈ ತಂತ್ರದ ಬುನಾದಿ. ಬದಲಾಗುತ್ತಿರುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹಾಗೆ ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಬದಲಾವಣೆಗೇ ಎದುರಾಗಿ ಹರಿಯುತ್ತದೆ ಎಂಬ ನಿಯಮವನ್ನು 1834ರಲ್ಲಿ ಲೆಂಜ್ ತಿಳಿಸಿದ. ಶಾಲಾ ಪ್ರಯೋಗಾಲಯದಲ್ಲಿ ವಿದ್ಯುತ್ ಹರಿಸಿದೊಡನೆ ಸುರುಳಿಯ ಮೇಲಿನ ಅಲ್ಯೂಮಿನಿಯಂ ಬಳೆ ಚಿಮ್ಮುವುದು ಈ ಎದುರುಬಲದಿಂದಲೇ.

ರಿವೆಟಿಂಗ್ ಯಂತ್ರದಲ್ಲಿ ಸುರುಳಿ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡಿರುತ್ತದೆ. ಅದರ ಮುಖಕ್ಕೆ ತಾಗಿದಂತೆ ತಾಮ್ರದ ಅಥವಾ ಅಲ್ಯೂಮಿನಿಯಂನ ತಟ್ಟೆ, ತಟ್ಟೆಯ ಮುಂದೆ ಕಿರಿದಾಗುತ್ತ ಹೋಗುವ ಲೋಹದ ಚಾಲಕ ದಂಡ, ದಂಡದ ತುದಿಯಲ್ಲಿ ರಿವೆಟಿಗೆ ತಾಗುವ ಅಚ್ಚು. ಕೆಪಾಸಿಟರ್‌ಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಗೇ ಸುರುಳಿಗೆ ಬಿಟ್ಟಾಗ ಸಾವಿರಾರು ಆಂಪಿಯರ್ ನುಗ್ಗುತ್ತದೆ. ತಟ್ಟೆಯಲ್ಲಿ ಸುಳಿಪ್ರವಾಹಗಳು ಹುಟ್ಟಿ ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಸುರುಳಿಯೂ ತಟ್ಟೆಯೂ ಪರಸ್ಪರ ದೂಡಿಕೊಳ್ಳುತ್ತವೆ. ಅವುಗಳ ನಡುವಣ ಕಾಂತಕ್ಷೇತ್ರ 5 ಟೆಸ್ಲಾ ಮುಟ್ಟಿದರೆ ಆ ದೂಡುವಿಕೆಯ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ನೂರುಪಟ್ಟಾಗುತ್ತದೆ. 100 ಮಿ.ಮೀ. ಅಡ್ಡಳತೆಯ ತಟ್ಟೆಯ ಮೇಲೆ ಇದು ಸುಮಾರು 8 ಟನ್ ತೂಕದ ಬಲ. ಬಲ ದಂಡದ ಮೂಲಕ ಒತ್ತಡದ ಅಲೆಯಾಗಿ ಸಾಗಿ ರಿವೆಟನ್ನು ತಲುಪುತ್ತದೆ.

ತಟ್ಟೆಯ ದಪ್ಪಕ್ಕೂ ಒಂದು ಲೆಕ್ಕವಿದೆ. ಬೇಗ ಬದಲಾಗುವ ವಿದ್ಯುತ್ತು ಲೋಹದ ಹೊರಪದರದಲ್ಲೇ ಹರಿಯುತ್ತದೆ. ಸೆಕೆಂಡಿಗೆ 1,000 ಆವರ್ತಗಳಾದರೆ ತಾಮ್ರದಲ್ಲಿ ಆ ಪದರ ಸುಮಾರು 2 ಮಿ.ಮೀ. ಆಳ. ತಟ್ಟೆ ಅದಕ್ಕಿಂತ ತೆಳುವಾದರೆ ಕಾಂತಕ್ಷೇತ್ರ ಅದರ ಮೂಲಕ ಸೋರಿಹೋಗಿ ತಳ್ಳುಬಲ ಕುಂದುತ್ತದೆ.

ಎರಡು ಕಡೆಯ ಹೊಡೆತ

ಸುರುಳಿ ತಟ್ಟೆಯನ್ನು ಎಷ್ಟು ಬಲದಿಂದ ಮುಂದಕ್ಕೆ ದೂಡುತ್ತದೆಯೋ ಅಷ್ಟೇ ಬಲದಿಂದ ತಾನು ಹಿಂದಕ್ಕೆ ಚಿಮ್ಮುತ್ತದೆ. ಸುರುಳಿಯ ಬೆನ್ನಿಗೆ ಭಾರವಾದ ಗಟ್ಟಿಯೊಂದನ್ನು ಕೂಡಿಸಿ, ಆ ಹಿಮ್ಮೆಟ್ಟನ್ನು ಗಾಳಿಯ ಅಥವಾ ಎಣ್ಣೆಯ ತಡೆಯಿಂದ ನಿಧಾನವಾಗಿ ಹೀರಿಸುತ್ತಾರೆ. ರಿವೆಟ್ ರೂಪುಗೊಳ್ಳುವ ಆ ಮಿಲಿಸೆಕೆಂಡಿನಲ್ಲಿ ಗಟ್ಟಿಯ ಜಡತ್ವವೇ ಬಲಕ್ಕೆ ಆಧಾರ. ಸಿ ಆಕಾರದ ಚೌಕಟ್ಟು ಬೇಡವಾದದ್ದು ಈ ಕಾರಣಕ್ಕೆ.

ದೊಡ್ಡ ಯಂತ್ರಗಳಲ್ಲಿ ಹಲಗೆಯ ಎರಡೂ ಕಡೆ ಒಂದೊಂದು ವಿದ್ಯುತ್ ಸುತ್ತಿಗೆ ಇರುತ್ತದೆ. ಎರಡೂ ಒಂದೇ ಕ್ಷಣಕ್ಕೆ ಹೊಡೆಯುತ್ತವೆ. ಎದುರುಬದುರಿನ ಏಟುಗಳು ಸಮವಾದ್ದರಿಂದ ಹಲಗೆ ಅಲುಗುವುದಿಲ್ಲ. ಈ ಕ್ರಮದಲ್ಲಿ ತಲೆಯಿಲ್ಲದ ದುಂಡು ಕಡ್ಡಿಯನ್ನೂ ರಂಧ್ರದಲ್ಲಿಟ್ಟು ಎರಡೂ ತುದಿಗಳನ್ನು ಏಕಕಾಲಕ್ಕೆ ಅಗಲಿಸಬಹುದು. ಕಡ್ಡಿ ಉದ್ದಕ್ಕೂ ಉಬ್ಬುವುದರಿಂದ ಇಂಧನದ ತೊಟ್ಟಿಗೆ ಇದು ಒಳ್ಳೆಯ ಕೂಡಿಕೆ.

ಇತಿಹಾಸ

ಕಾಂತೀಯ ಬಲದಿಂದ ಲೋಹಕ್ಕೆ ರೂಪ ಕೊಡುವ ಯಂತ್ರಗಳು ಅಮೆರಿಕದಲ್ಲಿ 1960ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದವು. ಜನರಲ್ ಡೈನಮಿಕ್ಸ್ ಕಂಪನಿಯಲ್ಲಿ ಹಾರ್ವೆ ಮತ್ತು ಬ್ರೋವರ್ ಈ ಕೆಲಸದ ಮುಂಚೂಣಿಯಲ್ಲಿದ್ದರು. ಅದೇ ತತ್ತ್ವವನ್ನು ರಿವೆಟಿಗೆ ಅಳವಡಿಸುವ ಪ್ರಯತ್ನ ಬೋಯಿಂಗ್ ಕಂಪನಿಯಲ್ಲಿ ನಡೆದು, 1970ರ ದಶಕದ ಮೊದಲಲ್ಲಿ ಶ್ಮಿಟ್ ಮತ್ತು ಸಂಗಡಿಗರ ಹೆಸರಿನಲ್ಲಿ ಪೇಟೆಂಟ್‌ಗಳು ಬಂದವು. ಗ್ರಮ್ಮನ್ ಕಂಪನಿಯಲ್ಲಿ ಲೆಫ್ತೆರಿಸ್ ದಂಡದಲ್ಲಿ ಸಾಗುವ ಒತ್ತಡದ ಅಲೆಯನ್ನೇ ಮುಖ್ಯವಾಗಿ ಪರಿಗಣಿಸಿ, ತುದಿಗೆ ಹೋಗುತ್ತ ಅಲೆ ಬಲಗೊಳ್ಳುವಂತೆ ದಂಡದ ಆಕಾರವನ್ನು ತೀರ್ಮಾನಿಸಿದರು. ಅವರ ವಿಧಾನಕ್ಕೆ ಒತ್ತಡದ ಅಲೆಯ ರಿವೆಟಿಂಗ್ ಎಂದೇ ಹೆಸರಾಯಿತು.

ಈ ಮೊದಲ ಯಂತ್ರಗಳು 5,000ದಿಂದ 10,000 ವೋಲ್ಟ್‌ಗಳಲ್ಲಿ ಕೆಲಸ ಮಾಡುತ್ತಿದ್ದವು. ಅವುಗಳ ಏಟು ತೀರ ಮೊನಚು, ಬಲ ಕಣ್ಣೆವೆ ಮಿಟುಕಿಸುವುದರ ಸಾವಿರದೊಂದು ಪಾಲಿನಲ್ಲಿ ಶಿಖರ ಮುಟ್ಟುತ್ತಿತ್ತು. ಅಷ್ಟು ರಭಸಕ್ಕೆ ಕೆಲವು ಮಿಶ್ರಲೋಹಗಳ ತಲೆಯಲ್ಲಿ ಬಿರುಕು ಬರುತ್ತಿತ್ತು. ಅಧಿಕ ವೋಲ್ಟೇಜಿನ ಯಂತ್ರ ಅಪಾಯಕಾರಿ, ದುಬಾರಿ, ಗಾತ್ರದಲ್ಲೂ ದೊಡ್ಡದು.

ತಿರುವು ಬಂದದ್ದು 1980ರ ದಶಕದಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಜೀವ್ ಕಡಿಮೆ ವೋಲ್ಟೇಜಿನ ವಿದ್ಯುತ್ಕಾಂತೀಯ ರಿವೆಟಿಂಗ್ ಕುರಿತು ಡಾಕ್ಟರೇಟ್ ಸಂಶೋಧನೆ ನಡೆಸಿ, 1986ರಲ್ಲಿ ಎಲೆಕ್ಟ್ರೋಇಂಪ್ಯಾಕ್ಟ್ ಕಂಪನಿ ಸ್ಥಾಪಿಸಿದರು. ಕೆಪಾಸಿಟರಿನ ಶಕ್ತಿ ಅದರ ವಿದ್ಯುತ್ ಧಾರಣೆಗೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. 10,000 ವೋಲ್ಟ್‌ನಲ್ಲಿ 100 ಮೈಕ್ರೊಫ್ಯಾರಡ್ ಧಾರಣೆಯಿಂದ 5,000 ಜೌಲ್ ಸಿಗುತ್ತದೆ. ಅಷ್ಟೇ ಶಕ್ತಿ 500 ವೋಲ್ಟ್‌ನಲ್ಲಿ ಬೇಕೆಂದರೆ ಧಾರಣೆ 400 ಪಟ್ಟಾಗಬೇಕು, ಎಂದರೆ 40,000 ಮೈಕ್ರೊಫ್ಯಾರಡ್. ಅಗ್ಗವಾಗಿ ಸಿಗುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಇದು ಸಾಧ್ಯ. ಧಾರಣೆ ಹೆಚ್ಚಿದಂತೆ ವಿದ್ಯುತ್ ಮಿಡಿತ ಉದ್ದವಾಗುತ್ತದೆ, ಏಟು ಮೃದುವಾಗುತ್ತದೆ. ಸುರಕ್ಷತೆ, ಖರ್ಚು, ಲೋಹದ ಹಿತ ಮೂರೂ ಒಂದೇ ಬದಲಾವಣೆಯಿಂದ ಕೂಡಿಬಂದವು. ಇಂದು ಕಾರ್ಖಾನೆಗಳಲ್ಲಿರುವುದು 1,000 ವೋಲ್ಟ್‌ಗಿಂತ ಕೆಳಗಿನ ಈ ಬಗೆಯೇ.

ಲೋಹದೊಳಗೆ ನಡೆಯುವುದು

ನಿಧಾನವಾಗಿ ಹಿಂಡಿದ ರಿವೆಟನ್ನು ಉದ್ದುದ್ದಕ್ಕೆ ಸೀಳಿ ನೋಡಿದರೆ, ಬಡಿದ ತಲೆಯ ಬಳಿ ಕಾಂಡ ಹೆಚ್ಚು ಉಬ್ಬಿರುತ್ತದೆ, ಇನ್ನೊಂದು ತುದಿಗೆ ಹೋದಂತೆ ಉಬ್ಬು ಕಡಿಮೆಯಾಗುತ್ತದೆ. ವಿದ್ಯುತ್ಕಾಂತೀಯ ಏಟಿನಲ್ಲಿ ಈ ವ್ಯತ್ಯಾಸ ಕಡಿಮೆ, ಉಬ್ಬು ಹೆಚ್ಚು ಸಮನಾಗಿ ಹರಡುತ್ತದೆ. ಬಳಲಿಕೆ ತಾಳುವ ವಿಷಯದಲ್ಲಿ ಈ ವಿಧಾನಕ್ಕಿರುವ ದೊಡ್ಡ ಗುಣ ಇದೇ.

ಬೇಗ ಬಡಿದ ಲೋಹ ಬಿಸಿಯಾಗುತ್ತದೆ. ಬಾಗಿಸಲು ವ್ಯಯವಾದ ಶಕ್ತಿಯ ಬಹುಪಾಲು ಶಾಖವಾಗಿ ಮಾರ್ಪಡುತ್ತದೆ, ಹೊರಗೆ ಹರಿದುಹೋಗಲು ಅದಕ್ಕೆ ಸಮಯವಿರುವುದಿಲ್ಲ. ಅಲ್ಯೂಮಿನಿಯಂ ರಿವೆಟಿನ ತಲೆಯ ತಾಪ ಹೀಗೆ ಸರಾಸರಿ ನೂರು ಡಿಗ್ರಿಗೂ ಮೀರಿ ಏರಬಹುದೆಂದು ಸರಳ ಲೆಕ್ಕವೇ ಹೇಳುತ್ತದೆ. ಬಿಸಿಯಾದ ಕಡೆ ಲೋಹ ಮೆತ್ತಗಾಗುತ್ತದೆ, ಮೆತ್ತಗಾದ ಕಡೆಯೇ ಇನ್ನಷ್ಟು ಜಾರುತ್ತದೆ, ಜಾರಿದ ಕಡೆ ಮತ್ತಷ್ಟು ಬಿಸಿಯೇರುತ್ತದೆ. ಈ ಸುತ್ತು ಬಲಿತರೆ ತಲೆಯೊಳಗೆ ಓರೆಯಾದ ತೆಳು ಪಟ್ಟಿಯೊಂದರಲ್ಲೇ ಜಾರುವಿಕೆಯೆಲ್ಲ ಕೇಂದ್ರೀಕರಿಸುತ್ತದೆ. ಬಿರುಕು ಹಿಡಿಯುವುದು ಆ ಪಟ್ಟಿಯ ಗುಂಟ. ಶಾಖವನ್ನು ಬೇಗ ಹರಿಸದ ಟೈಟೇನಿಯಂ ಮಿಶ್ರಲೋಹಗಳಲ್ಲಿ ಈ ಅಪಾಯ ಹೆಚ್ಚು. ವೋಲ್ಟೇಜನ್ನು ತಗ್ಗಿಸಿ ಏಟನ್ನು ಮೃದುಗೊಳಿಸಿದ್ದು ಎಷ್ಟು ಸರಿಯಾದ ದಾರಿ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ರಿವೆಟಿನ ಮಿಶ್ರಲೋಹದ ಆಯ್ಕೆಯೂ ಇದರೊಂದಿಗೆ ಹೊಂದಿಕೊಳ್ಳಬೇಕು. 2024 ಮಿಶ್ರಲೋಹದಿಂದ ಮಾಡಿದ ರಿವೆಟ್‌ಗಳನ್ನು ಉಷ್ಣಸಂಸ್ಕಾರದ ನಂತರ ಶೀತಪೆಟ್ಟಿಗೆಯಲ್ಲಿಟ್ಟು, ಹೊರತೆಗೆದ ಕೆಲವೇ ನಿಮಿಷಗಳಲ್ಲಿ ಬಡಿಯಬೇಕು, ತಡವಾದರೆ ಗಡಸಾಗುತ್ತವೆ. 7050 ಮಿಶ್ರಲೋಹದ ರಿವೆಟ್‌ಗಳಿಗೆ ಆ ಕಟ್ಟುಪಾಡಿಲ್ಲ. ಯಂತ್ರ ತಾನಾಗಿಯೇ ಎತ್ತಿಕೊಂಡು ಬಡಿಯುವ ಸಾಲಿಗೆ ಅವು ಅನುಕೂಲ.

ಬಳಕೆ

ಈ ತಂತ್ರ ನೆಲೆಯೂರಿದ ಮುಖ್ಯ ತಾಣ ವೇಲ್ಸ್‌ನ ಬ್ರಾಟನ್‌ನಲ್ಲಿರುವ ಏರ್‌ಬಸ್ ರೆಕ್ಕೆ ಕಾರ್ಖಾನೆ. ಅಲ್ಲಿ ಎ320 ಸರಣಿಯ ರೆಕ್ಕೆಯ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ. ಎಲೆಕ್ಟ್ರೋಇಂಪ್ಯಾಕ್ಟ್‌ನ ಯಂತ್ರಗಳು ಹಲಗೆಯನ್ನು ಎರಡೂ ಬದಿಯಿಂದ ತಬ್ಬಿಕೊಂಡು ಹಳಿಯ ಮೇಲೆ ಉದ್ದಕ್ಕೂ ಚಲಿಸುತ್ತ, ತಗಡುಗಳನ್ನು ಒತ್ತಿ ಹಿಡಿದು, ರಂಧ್ರ ಕೊರೆದು, ರಿವೆಟ್ ತೂರಿಸಿ, ಬಡಿದು, ಹೊರಮೈಯ ತಲೆಯನ್ನು ಗಾಳಿಗೆ ಅಡ್ಡಿಯಾಗದಂತೆ ಸಮ ಹೆರೆಯುತ್ತವೆ. ಎ380 ದೈತ್ಯ ವಿಮಾನದ ರೆಕ್ಕೆಯ ಹಲಗೆಗಳಿಗೂ ಇಂಥದೇ, ಇನ್ನೂ ದೊಡ್ಡ ಯಂತ್ರಗಳನ್ನು ಕಟ್ಟಲಾಯಿತು. ಲಾಕ್‌ಬೋಲ್ಟ್ ಎಂಬ ಬಂಧಕಗಳ ಕೊರಳಪಟ್ಟಿಯನ್ನು ಹಿಸುಕಿ ಬಿಗಿಯುವ ಕೆಲಸಕ್ಕೂ ಅದೇ ವಿದ್ಯುತ್ ಸುತ್ತಿಗೆ ಬಳಕೆಯಾಗುತ್ತದೆ. ಯಂತ್ರ ತಲುಪದ ಮೂಲೆಗಳಿಗೆ ಕೈಯಲ್ಲಿ ಹಿಡಿಯುವ ಮಾದರಿಗಳೂ ಇವೆ.

ಒಳಗಿನಿಂದ ಕೈಯಾಡಿಸದೆ ವಿಮಾನದ ಮೈಮೇಲಿನ ತಗ್ಗುಗಳನ್ನು ಹೊರಗಿನಿಂದಲೇ ಎಳೆದು ಸರಿಪಡಿಸುವ ವಿದ್ಯುತ್ಕಾಂತೀಯ ಉಪಕರಣ ಈ ತಂತ್ರದ ಸೋದರ. ಚೀನಾದಲ್ಲಿ ಶಿಯಾನ್‌ನ ನಾರ್ತ್‌ವೆಸ್ಟರ್ನ್ ಪಾಲಿಟೆಕ್ನಿಕಲ್ ವಿಶ್ವವಿದ್ಯಾಲಯ ಮತ್ತು ಹುನಾನ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯುತ್ಕಾಂತೀಯ ರಿವೆಟಿಂಗ್ ಕುರಿತು ವಿಸ್ತಾರವಾದ ಸಂಶೋಧನೆ ನಡೆದಿದೆ.

ಸಂಯುಕ್ತ ವಸ್ತುಗಳ ಸವಾಲು

ಬೋಯಿಂಗ್ 787ರ ತೂಕದಲ್ಲಿ ಅರ್ಧದಷ್ಟು ಕಾರ್ಬನ್ ನಾರು ಮೊದಲಾದ ಸಂಯುಕ್ತ ವಸ್ತುಗಳೇ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಚೌಕಟ್ಟಿನಲ್ಲೂ ತೂಕದ ಸುಮಾರು ಶೇ. 45ರಷ್ಟು ಅಂಥ ವಸ್ತುವಿದೆ. ಕಾರ್ಬನ್ ನಾರಿಗೆ ಅಲ್ಯೂಮಿನಿಯಂ ತಾಗಿ ತೇವವೂ ಸೇರಿದರೆ ಅಲ್ಯೂಮಿನಿಯಂ ರಾಸಾಯನಿಕವಾಗಿ ಸವೆಯುತ್ತದೆ. ಆದ್ದರಿಂದ ಇಲ್ಲಿ ಟೈಟೇನಿಯಂ ಬಂಧಕಗಳು ಬೇಕು. ಬಡಿದು ಅಗಲಿಸುವ ರಿವೆಟ್‌ಗಳಿಗೆ ನಯೋಬಿಯಂ ಬೆರೆಸಿದ ಮೆದು ಟೈಟೇನಿಯಂ ಬಳಸುತ್ತಾರೆ.

ಲೋಹದ ರಂಧ್ರಕ್ಕೆ ವರವಾಗುವ ಉಬ್ಬು ಪದರಪದರವಾದ ಸಂಯುಕ್ತ ವಸ್ತುವಿಗೆ ಶಾಪವಾಗಬಹುದು. ಉಬ್ಬು ಮಿತಿಮೀರಿದರೆ ರಂಧ್ರದ ಸುತ್ತ ಪದರಗಳು ಸೀಳಿಕೊಳ್ಳುತ್ತವೆ, ಬಡಿದ ತಲೆ ಮೇಲ್ಮೈಯನ್ನು ಜಜ್ಜುತ್ತದೆ. ತಲೆಯ ಕೆಳಗೆ ವಾಷರ್ ಇಟ್ಟು, ಇಲ್ಲವೇ ರಂಧ್ರಕ್ಕೆ ತೆಳು ಕೊಳವೆ ತೊಡಿಸಿ ಈ ಹಾನಿ ತಪ್ಪಿಸುತ್ತಾರೆ. ಉಬ್ಬನ್ನು ಸಮನಾಗಿ ಹರಡಬಲ್ಲ ಗುಣ ಇರುವುದರಿಂದ ವಿದ್ಯುತ್ಕಾಂತೀಯ ಏಟು ಇಲ್ಲೂ ಸಂಶೋಧಕರ ಆಸಕ್ತಿ ಸೆಳೆದಿದೆ.

ಮಿತಿಗಳು ಮತ್ತು ಪರೀಕ್ಷೆ

ಕೂಡಿಟ್ಟ ವಿದ್ಯುತ್ತಿನಲ್ಲಿ ಸಣ್ಣ ಪಾಲು ಮಾತ್ರ ರಿವೆಟನ್ನು ರೂಪಿಸುತ್ತದೆ, ಉಳಿದದ್ದು ಸುರುಳಿಯನ್ನೂ ತಟ್ಟೆಯನ್ನೂ ಕಾಯಿಸುತ್ತದೆ. ಬೇಗಬೇಗ ಹೊಡೆಯಬೇಕಾದರೆ ಸುರುಳಿಯನ್ನು ತಣಿಸುತ್ತಿರಬೇಕು. ಸುರುಳಿಯ ಸುತ್ತುಗಳು ಪ್ರತಿ ಏಟಿಗೂ ಅದುರುವುದರಿಂದ ಅವನ್ನು ಗಾಜಿನ ನಾರು, ರಾಳಗಳಲ್ಲಿ ಭದ್ರವಾಗಿ ಹೂಳಬೇಕು. ಕಾಂತಕ್ಷೇತ್ರ ಹತ್ತಿರದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಕೆಡಿಸದಂತೆ ಎಚ್ಚರ ಬೇಕು. ಏಟುಗಳ ಸರಮಾಲೆ ತಪ್ಪಿದರೂ ಒಂಟಿ ಏಟಿನ ಸದ್ದು ಜೋರಾದದ್ದೇ.

ಈ ವಿಧಾನದ ದೊಡ್ಡ ಅನುಕೂಲ ಅದರ ಏಟುಗಳ ಏಕರೂಪತೆ. ವೋಲ್ಟೇಜನ್ನು ಒಮ್ಮೆ ಗೊತ್ತುಪಡಿಸಿದರೆ ಬೆಳಗಿನ ಮೊದಲ ಏಟಿಗೂ ಸಂಜೆಯ ಕೊನೆಯ ಏಟಿಗೂ ವ್ಯತ್ಯಾಸವಿರದು. ಮಾದರಿ ತುಣುಕುಗಳಲ್ಲಿ ರಿವೆಟ್ ಬಡಿದು, ತಲೆಯ ಎತ್ತರ ಅಗಲಗಳನ್ನು ಅಳೆದು, ಸೀಳಿ ನೋಡಿ ಉಬ್ಬನ್ನು ಪರಿಶೀಲಿಸಿದ ನಂತರವೇ ಆ ವೋಲ್ಟೇಜ್ ನಿಗದಿಯಾಗುತ್ತದೆ.

ವಿಮಾನ ಹಾರಾಟಕ್ಕಿಳಿದ ಮೇಲೆ ರಂಧ್ರಗಳನ್ನು ಸೀಳಿ ನೋಡುವಂತಿಲ್ಲ. ಆಗ ನೆರವಿಗೆ ಬರುವುದೂ ಸುಳಿಪ್ರವಾಹವೇ. ಪುಟ್ಟ ಸುರುಳಿಯೊಂದನ್ನು ರಿವೆಟ್ ಸಾಲಿನ ಮೇಲೆ ಮೆಲ್ಲಗೆ ಸರಿಸುತ್ತ ಹೋದರೆ, ತಗಡಿನಲ್ಲಿ ಹುಟ್ಟಿದ ಸುಳಿಪ್ರವಾಹ ಬಿರುಕಿಗೆ ಎದುರಾದಾಗ ದಾರಿ ಬದಲಿಸುತ್ತದೆ, ಉಪಕರಣ ಅದನ್ನು ಗುರುತಿಸುತ್ತದೆ. ಅಲೋಹಾ ವಿಮಾನದ ಮಾದರಿಯ 737ಗಳ ಕೂಡಿಕೆಗಳಿಗೆ ವಿಧಿಸಿದ್ದ ತಪಾಸಣೆಯಲ್ಲಿ ಇದೂ ಸೇರಿತ್ತು. ಕಾರ್ಖಾನೆಯಲ್ಲಿ ರಂಧ್ರವನ್ನು ತುಂಬಿಸಿದ ಅದೇ ಭೌತಿಕ ನಿಯಮ, ವಿಮಾನದ ಆಯುಷ್ಯವಿರುವಷ್ಟು ಕಾಲವೂ ಆ ರಂಧ್ರದ ಆರೋಗ್ಯವನ್ನು ವಿಚಾರಿಸುತ್ತಿರುತ್ತದೆ.